ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆದರೆ ಡೀಸೆಲ್ ಗಾಡಿ ಬೇಗ ಸವೆಯುತ್ತಾ?

ಮುಂಬೈಯಲ್ಲಿ ಹೊಸ ಡೀಸೆಲ್ ಗಾಡಿ ಓಡಿಸುವ ನಮ್ಮವರಲ್ಲಿ ಕೆಲವರಿಗೆ ಒಂದು ಅಭ್ಯಾಸವಿದೆ. ಸೀಟಿನಲ್ಲಿ ಕೂತ ತಕ್ಷಣ ದುಂಡು ಬಾಣದೊಳಗೆ ‘ಎ’ ಅಕ್ಷರ ಇರುವ ಬಟನ್ ಒತ್ತಿ, ಗಾಡಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಸ್ಟಾರ್ಟ್ ಆಗುವ ಆಟೊ ಸ್ಟಾರ್ಟ್-ಸ್ಟಾಪ್ ಬಂದ್ ಮಾಡುತ್ತಾರೆ. ಸಿಗ್ನಲ್‌ಗೊಮ್ಮೆ ಸೆಲ್ಫ್ ಹೊಡೆದರೆ ಎಂಜಿನ್ ಎಷ್ಟು ವರ್ಷ ಬಾಳುತ್ತದೆ ಎಂಬ ಭಯ. ಭಯಕ್ಕೆ ಕಾರಣ ಇಲ್ಲದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಶನ್ ಜಾಸ್ತಿ, ಅದನ್ನು ತಿರುಗಿಸಲು ಸ್ಟಾರ್ಟರ್ ಮೋಟಾರ್ ಹೆಚ್ಚು ದುಡಿಯಬೇಕು.

ಮೊದಲು ಸವೆತ ಯಾವಾಗ ಆಗುತ್ತದೆ ಎಂದು ತಿಳಿಯೋಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಬೇರಿಂಗ್‌ಗೆ ಆಯಿಲ್ ತಲುಪಲು ಕ್ಷಣ ಹಿಡಿಯುತ್ತದೆ. ಹೆಚ್ಚಿನ ಪೆಟ್ಟು ಅಲ್ಲೇ. ಸಾಕಿನಾಕಾ ಸಿಗ್ನಲ್‌ನಲ್ಲಿ ಅರ್ಧ ನಿಮಿಷ ನಿಂತಾಗ ಎಂಜಿನ್ ಬಿಸಿ ಇರುತ್ತದೆ, ಆಯಿಲ್ ಪದರ ಇನ್ನೂ ಅಂಟಿಕೊಂಡಿರುತ್ತದೆ. ಮೇಲಾಗಿ ಇಂಥ ಗಾಡಿಗಳಿಗೆ ಕಂಪನಿಯವರೇ ಗಟ್ಟಿ ಸ್ಟಾರ್ಟರ್ ಮತ್ತು ಬೇರೆ ಬಗೆಯ ಬ್ಯಾಟರಿ ಹಾಕಿರುತ್ತಾರೆ. ಹಾಗಾಗಿ ಒಂದೆರಡು ನಿಮಿಷದ ಸಿಗ್ನಲ್‌ಗಳಲ್ಲಿ ಅದರ ಪಾಡಿಗೆ ಅದನ್ನು ಬಿಡಿ.

ಹಾಗಾದರೆ ಬಟನ್ ಯಾವಾಗ ಒತ್ತಬೇಕು? ಘೋಡ್‌ಬಂದರ್ ರಸ್ತೆಯಲ್ಲಿ ಹತ್ತು ಅಡಿಗೊಮ್ಮೆ ನಿಂತು ಹೋಗುವಾಗ ಒತ್ತಿ. ಎರಡು ಸೆಕೆಂಡ್ ಆಫ್ ಆಗಿ ಮತ್ತೆ ಸ್ಟಾರ್ಟ್ ಆದರೆ ಉಳಿಯುವ ಡೀಸೆಲ್ ಅಷ್ಟಕ್ಕಷ್ಟೇ. ಪುಣೆ ಕಡೆ ಹೊರಟು ಖಂಡಾಲಾ ಘಾಟ್ ಜೋರಾಗಿ ಹತ್ತಿಸಿ, ಲೋಣಾವಳಾದಲ್ಲಿ ಚಿಕ್ಕಿ ಕೊಳ್ಳಲು ನಿಲ್ಲಿಸುವ ಮುಂಚೆಯೂ ಒತ್ತಿ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಂಡದಂತೆ ಕಾದಿರುವಾಗ ಎಂಜಿನ್ ನಿಂತರೆ ಅದರೊಳಗಿನ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಒಂದು ನಿಮಿಷ ಹಾಗೇ ಓಡಲಿ, ಆಮೇಲೆ ನೀವೇ ಆಫ್ ಮಾಡಿ. ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಂತಾಗಲೂ ಬಟನ್ ಒತ್ತಿರಲಿ. ಸೈಲೆನ್ಸರ್ ಮುಳುಗುವಷ್ಟು ನೀರಿನಲ್ಲಿ ಎಂಜಿನ್ ನಿಲ್ಲಬಾರದು. ನನ್ನ ಮಾತು ಕೇಳಿದರೆ, ಅಂಥ ನೀರಿಗೆ ಗಾಡಿ ಇಳಿಸುವುದೇ ಬೇಡ.

ಇನ್ನು ಯಾರೂ ಅಷ್ಟು ಗಮನಿಸದ ವಿಷಯ. ದಿನಾ ಸಿಗ್ನಲ್‌ನಲ್ಲಿ ಆಫ್ ಆಗುತ್ತಿದ್ದ ಎಂಜಿನ್ ಇವತ್ತು ಆಫ್ ಆಗಲಿಲ್ಲ ಅಂದರೆ ಖುಷಿಪಡಬೇಡಿ, ಕಾರಣ ಹುಡುಕಿ. ಎಸಿ ಜೋರಾಗಿದ್ದರೆ, ಎಂಜಿನ್ ಇನ್ನೂ ತಣ್ಣಗಿದ್ದರೆ ಆಫ್ ಆಗದಿರುವುದು ಸಹಜ. ಅದಲ್ಲದಿದ್ದರೆ ಡಿಪಿಎಫ್ ನೋಡಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇದು. ಮಸಿ ತುಂಬಿದಾಗ ಗಾಡಿ ಅದನ್ನು ತಾನೇ ಸುಡುತ್ತದೆ. ಆ ಹೊತ್ತಿನಲ್ಲಿ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದಿಲ್ಲ, ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಮೈಲೇಜ್ ಇಳಿಯುತ್ತದೆ. ಮನೆ ಬಂತು ಎಂದು ಆಗ ಗಾಡಿ ನಿಲ್ಲಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ, ಮಸಿ ಸುಡಲು ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್ ಬೇರಿಂಗ್‌ಗೆ ಮಾಡುವ ಹಾನಿಯ ಮುಂದೆ ಸಿಗ್ನಲ್ ಸ್ಟಾರ್ಟ್‌ಗಳು ಲೆಕ್ಕಕ್ಕೇ ಇಲ್ಲ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದರೆ ಗ್ಯಾರೇಜಿಗೆ ಒಯ್ಯಿರಿ.

ಮಸಿ ಸುಡಲು ಸುಮಾರು 20 ನಿಮಿಷ ಒಂದೇ ವೇಗದ ಓಟ ಬೇಕು. ಭಾನುವಾರ ಬೆಳಗ್ಗೆ ಈಸ್ಟರ್ನ್ ಫ್ರೀವೇಯಲ್ಲಿ ಹೋಗಿ ಬನ್ನಿ, ಟೋಲ್ ಕೂಡ ಇಲ್ಲ. ಉಡುಪಿಗೋ ಹುಬ್ಬಳ್ಳಿಗೋ ಊರಿಗೆ ಹೋದಾಗ ಈ ಕೆಲಸ ತಾನಾಗೇ ಆಗುತ್ತದೆ.

ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗದಿರಲು ಇನ್ನೊಂದು ಕಾರಣ ಬ್ಯಾಟರಿ. ವಾರವಿಡೀ ನಾವು ಲೋಕಲ್‌ನಲ್ಲಿ ನೇತಾಡುತ್ತೇವೆ, ಗಾಡಿ ಸೊಸೈಟಿಯಲ್ಲಿ ಮಲಗಿರುತ್ತದೆ, ಅಲ್ವಾ? ಚಾರ್ಜ್ ಇಳಿದರೆ ಮೊದಲು ಕೈಕೊಡುವುದೇ ಸ್ಟಾರ್ಟ್-ಸ್ಟಾಪ್. ಇಂಥ ಗಾಡಿಗಳಿಗೆ ಇಎಫ್‌ಬಿ, ಎಜಿಎಂ ಎಂಬ ಎರಡು ಬಗೆಯ ಗಟ್ಟಿ ಬ್ಯಾಟರಿ ಬರುತ್ತವೆ. ಬ್ಯಾಟರಿ ಬದಲಿಸುವಾಗ ಇಎಫ್‌ಬಿ ಇದ್ದಲ್ಲಿ ಇಎಫ್‌ಬಿ, ಎಜಿಎಂ ಇದ್ದಲ್ಲಿ ಎಜಿಎಂ ಹಾಕಿಸಿ. ‘ಸಾದಾ ಬ್ಯಾಟರಿ ಸಾಕು ಸಾಬ್’ ಎಂದರೆ ಒಪ್ಪಬೇಡಿ, ಬೇಗ ಕೆಡುತ್ತದೆ. ಕೆಲವು ಗಾಡಿಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್‌ನಿಂದ ಕಂಪ್ಯೂಟರ್‌ಗೆ ತಿಳಿಸಬೇಕು, ಅದನ್ನೂ ಮಾಡಿಸಿ. ಜಂಪ್ ಸ್ಟಾರ್ಟ್ ಮಾಡಬೇಕಾಗಿ ಬಂದರೆ ಕಪ್ಪು ಕ್ಲಿಪ್ಪನ್ನು ನಿಮ್ಮ ಗಾಡಿಯ ಬ್ಯಾಟರಿಯ ಮೈನಸ್‌ಗೆ ಹಚ್ಚಬೇಡಿ. ಅಲ್ಲಿ ಚಾರ್ಜ್ ಲೆಕ್ಕ ಹಾಕುವ ಸೆನ್ಸರ್ ಇರುತ್ತದೆ. ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹದ ಭಾಗಕ್ಕೆ ಹಚ್ಚಿ.