ಕಡಕ್‌ನಾಥ್ ಕೊಳ್ಳುವ ಮುನ್ನ ಬಾಯಿ ಬಿಡಿಸಿ ನೋಡಿ

ಕಡಕ್‌ನಾಥ್ ಕೋಳಿ ತರಬೇಕು ಅಂತ ಇರುವವರಿಗೆ ಒಂದು ಮಾತು. ಗರಿ ಕಪ್ಪಗಿದೆ ಅಂತ ಸುಮ್ನೆ ದುಡ್ಡು ಕೊಡಬೇಡಿ. ಕಪ್ಪು ಗರಿಯ ಕೋಳಿಗಳು ಬೇರೆಯೂ ಇವೆ. ಕೊಕ್ಕು ಬಿಡಿಸಿ ನಾಲಿಗೆ ನೋಡಿ, ಗರಿ ಸರಿಸಿ ಚರ್ಮ ನೋಡಿ, ಕಾಲು, ಉಗುರು ನೋಡಿ. ಅಸಲಿ ತಳಿಯಲ್ಲಿ ಇವೆಲ್ಲಾ ಕಪ್ಪಾಗಿಯೇ ಇರುತ್ತವೆ. ಮೆಲನಿನ್ ಅನ್ನೋ ಬಣ್ಣದ ಅಂಶ ಮಾಂಸ, ಮೂಳೆಯವರೆಗೂ ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಗರಿಯಲ್ಲಿ ಮಾತ್ರ ಬಂಗಾರದ ಛಾಯೆ ಅಥವಾ ಬಿಳಿ ಗೆರೆ ಇರಬಹುದು, ಅದು ಕಲಬೆರಕೆಯಲ್ಲ.

ಮೊಟ್ಟೆ ಮಾತ್ರ ಕಪ್ಪಲ್ಲ! ತಿಳಿ ಕಂದು ಬಣ್ಣ, ಅಷ್ಟೇ. ಕಪ್ಪು ಮೊಟ್ಟೆ ತೋರಿಸಿದರೆ ನಂಬಬೇಡಿ.

ಇದರ ಮೂಲ ಮಧ್ಯಪ್ರದೇಶದ ಝಾಬುವಾ ಕಡೆ. ಭಿಲ್ ಸಮುದಾಯದವರು ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಇದಕ್ಕೆ ‘ಕಾಲಿ ಮಾಸಿ’ ಅಂತಲೂ ಹೆಸರು. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಜಿಐ ಟ್ಯಾಗ್ (ಇಂಥ ಪ್ರದೇಶದ ವಿಶೇಷ ಉತ್ಪನ್ನ ಅನ್ನೋ ಅಧಿಕೃತ ಗುರುತು) ಸಿಕ್ಕಿತು.

ಬೆಳವಣಿಗೆ ನಿಧಾನ. ಮೊದಲ ಮೊಟ್ಟೆಗೆ ಸುಮಾರು 6 ತಿಂಗಳು ಕಾಯಬೇಕು. ಹೇಂಟೆ ಕಾವಿಗೆ ಕೂರುವುದೂ ಕಡಿಮೆ. ಹಾಗಾಗಿ ಚೆನ್ನಾಗಿ ಕಾವು ಕೊಡುವ ಬೇರೆ ನಾಟಿ ಹೇಂಟೆಯ ಕೆಳಗೆ ಮೊಟ್ಟೆ ಇಡಿ.