ಪಂಕ್ಚರ್ ತೆಗೆದ ಬಳಿಕ ಹಿಂದಿನ ಚಕ್ರವನ್ನು ನೆಟ್ಟಗೆ ಕೂರಿಸುವುದು

ಗೇರಿಲ್ಲದ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಮೊದಲು ಚೈನನ್ನು ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಗಾಲಿಯ) ಹಲ್ಲುಗಳಿಗೆ ಏರಿಸಿ, ಆಕ್ಸಲ್ಲನ್ನು (ಚಕ್ರದ ನಡುವಿನ ಅಚ್ಚನ್ನು) ಫ್ರೇಮಿನ ಸೀಳುಗಳೊಳಗೆ ಸೇರಿಸಿ, ಮಡ್‌ಗಾರ್ಡ್ ಹಾಗೂ ಕ್ಯಾರಿಯರ್ ಕಡ್ಡಿಗಳನ್ನೂ ವಾಷರುಗಳನ್ನೂ ಬಿಚ್ಚುವಾಗ ಇದ್ದ ಕ್ರಮದಲ್ಲಿಯೇ ತೊಡಿಸಿ, ನಟ್ಟುಗಳನ್ನು ಬೆರಳಿನಿಂದಷ್ಟೇ ತಿರುಗಿಸಿಡಬೇಕು. ಬಳಿಕ ಚಕ್ರವನ್ನು ಹಿಂದಕ್ಕೆಳೆದು, ಚೈನಿನ ನಡುಭಾಗ ಮೇಲೆ ಕೆಳಗೆ ಒಟ್ಟು ಅರ್ಧ ಇಂಚು, ಅಂದರೆ ಸುಮಾರು 12 ಮಿ.ಮೀ. ಆಡುವಂತೆ ನೋಡಿಕೊಳ್ಳಬೇಕು. ಇದಕ್ಕಿಂತ ಬಿಗಿಯಾದರೆ ಬೇರಿಂಗುಗಳು ಬೇಗ ಸವೆಯುತ್ತವೆ; ಸಡಿಲವಾದರೆ ಚೈನು ಕಳಚುತ್ತದೆ. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನು ಅತಿ ಬಿಗಿಯಾಗುವ ಜಾಗದಲ್ಲಿಯೇ ಅಳೆಯುವುದು ಒಳ್ಳೆಯದು.

ಟೈರು ಎರಡೂ ಬದಿಯ ಫ್ರೇಮಿನ ಕೊಳವೆಗಳಿಂದ ಸಮದೂರದಲ್ಲಿರುವಂತೆ ರಿಮ್ಮನ್ನು ಹಿಡಿದು, ಎಡಬಲದ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಚಕ್ರ ಓರೆಯಾಗುತ್ತದೆ. ಬ್ರೇಕ್ ರಬ್ಬರುಗಳು ರಿಮ್ಮಿಗೆ ಮಾತ್ರ ತಾಗುತ್ತಿವೆ, ಟೈರಿಗಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಸೈಕಲ್ಲನ್ನು ಹತ್ತಬೇಕು.