17ಸಿ ಪ್ರತಿ ಕೈಗೆ ಬರುವ ತನಕ ಮತಗಟ್ಟೆ ಬಿಡಬೇಡಿ

ಮತಯಂತ್ರಕ್ಕೆ ಜೋಡಿಸಿದ ವಿವಿಪ್ಯಾಟ್ ಮುದ್ರಕದ ಚೀಟಿಗಳನ್ನೆಲ್ಲ ಎಣಿಸಿ ಎನ್ನುವವರಿದ್ದಾರೆ, ಹಳೆಯ ಮತಪತ್ರವೇ ಬರಲಿ ಎನ್ನುವವರಿದ್ದಾರೆ, ಪ್ರತಿ ಮತಗಟ್ಟೆಯ 17ಸಿ (ಅಲ್ಲಿ ಒಟ್ಟು ಎಷ್ಟು ಮತ ದಾಖಲಾಯಿತು ಎಂದು ಬರೆಯುವ ನಮೂನೆ) ಅಂಕಿ ಜಾಲತಾಣದಲ್ಲಿ ಸಿಗಲಿ ಎಂದು ಕೋರ್ಟಿಗೆ ಹೋದವರೂ ಇದ್ದಾರೆ. ನಿಮ್ಮ ನಿಲುವು ಯಾವುದೇ ಇರಲಿ, ವಿಧಾನಸಭಾ ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಮತಗಟ್ಟೆ ಏಜೆಂಟರಾಗಿ ಕೂತರೆ ಕಾನೂನು ಇವತ್ತೇ ನಿಮಗೆ ಕೊಡುವ ಲೆಕ್ಕಪತ್ರ ಈ 17ಸಿ. ಎಷ್ಟೋ ಏಜೆಂಟರು ಅದನ್ನು ಕೇಳದೆ ಎದ್ದು ಬರುತ್ತಾರೆ, ಅದು ದೊಡ್ಡ ನಷ್ಟ.

ಮತದಾನ ಬೆಳಿಗ್ಗೆ 7ಕ್ಕೆ ಶುರುವಾಗುವುದಾದರೆ, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ 90 ನಿಮಿಷ ಮೊದಲು, ಅಂದರೆ 5.30ಕ್ಕೆ. ತಡವಾದರೆ 15 ನಿಮಿಷ ಕಾದು ನಿಮ್ಮನ್ನು ಬಿಟ್ಟೇ ಆರಂಭಿಸುತ್ತಾರೆ. ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಯನ್ನೂ ಒತ್ತಬೇಕು. ಬಳಿಕ ಮತಗಳ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್ಟಿನಲ್ಲಿ ಕ್ಲೋಸ್, ರಿಸಲ್ಟ್, ಕ್ಲಿಯರ್ ಗುಂಡಿಗಳು, ಇದೇ ಕ್ರಮ. ಕ್ಲಿಯರ್ ಆದ ಮೇಲೆ ಟೋಟಲ್ ಗುಂಡಿ ಒತ್ತಿಸಿ, ಸೊನ್ನೆಯನ್ನು ಕಣ್ಣಾರೆ ನೋಡಿ. ವಿವಿಪ್ಯಾಟ್ ಪೆಟ್ಟಿಗೆಯಿಂದ ಅಣಕು ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ಹಾಕಿ ಮುದ್ರೆ ಹಾಕಿದ್ದನ್ನೂ ನೋಡಿಕೊಳ್ಳಿ. ಗಡಿಬಿಡಿಯಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಯಂತ್ರಗಳ ಮತ್ತು ಕಾಗದದ ಮುದ್ರೆಗಳ ಕ್ರಮಸಂಖ್ಯೆ ನಿಮ್ಮ ಪುಸ್ತಕದಲ್ಲೂ ಇರಲಿ.

ದಿನವಿಡೀ ಎರಡು ಸಂಖ್ಯೆಗಳ ಮೇಲೆ ಗಮನವಿಡಿ: ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆ, ಯಂತ್ರದ ಟೋಟಲ್. ಟೋಟಲ್ ಒತ್ತಿದರೆ ಯಾರಿಗೆ ಎಷ್ಟು ಮತ ಎಂಬುದು ಬಯಲಾಗುವುದಿಲ್ಲ. ಸಹಿ ಹಾಕಿ ಮತ ಹಾಕದೆ ಹೋದವರು ನಿಯಮ 49ಒ ಲೆಕ್ಕಕ್ಕೆ, ಮತದ ಗುಟ್ಟು ಮುರಿದಿದ್ದಕ್ಕೆ ತಡೆಯಲ್ಪಟ್ಟವರು ನಿಯಮ 49ಎಂ ಲೆಕ್ಕಕ್ಕೆ ಸೇರುತ್ತಾರೆ.

ಸಂಜೆಯ ತಾಳೆ ಹೀಗೆ. ಉದಾಹರಣೆಗೆ 17ಎಯಲ್ಲಿ 742 ಜನ, 49ಒ ಅಡಿ 3, 49ಎಂ ಅಡಿ 1 ಇದ್ದರೆ ಯಂತ್ರ 738 ತೋರಿಸಬೇಕು. ಯಂತ್ರದಲ್ಲಿ ಒಂದೆರಡು ಕಡಿಮೆ ಬಂದರೆ, ಮತ ಹಾಕದೆ ಹೋದವರನ್ನು ಬರೆದುಕೊಂಡಿಲ್ಲವೇನೋ ನೋಡಿ. ಸುಮಾರು 50 ಹೆಚ್ಚಿದ್ದರೆ ಅಣಕು ಮತಗಳು ಅಳಿಸಿಲ್ಲ ಎಂದೇ ಮೊದಲ ಅನುಮಾನ. ಏನೇ ವ್ಯತ್ಯಾಸ ಬಂದರೂ ಅದನ್ನು 17ಸಿಯಲ್ಲೇ ಬರೆಸಿ, ಬಾಯಿಮಾತಿನ ಸಮಾಧಾನ ಎಣಿಕೆಯ ದಿನ ಕೆಲಸಕ್ಕೆ ಬರುವುದಿಲ್ಲ. 1961ರ ಚುನಾವಣಾ ನಿಯಮಗಳ 49ಎಸ್ ಪ್ರಕಾರ, ಮತದಾನ ಮುಗಿದಾಗ ಹಾಜರಿರುವ ಪ್ರತಿ ಏಜೆಂಟರಿಗೂ ಮತಗಟ್ಟೆಯ ಅಧ್ಯಕ್ಷಾಧಿಕಾರಿ 17ಸಿಯ ದೃಢೀಕರಿಸಿದ ಪ್ರತಿ ಕೊಡಲೇಬೇಕು. ಸಹಿ ಇದೆಯೇ, ಅಂಕಿ ಸ್ಪಷ್ಟವಾಗಿದೆಯೇ ನೋಡಿಯೇ ರಸೀದಿಗೆ ಸಹಿ ಹಾಕಿ. ಅಲ್ಲೇ ಫೋಟೊ ತೆಗೆಯಲು ಹೋಗಬೇಡಿ, ಮತಗಟ್ಟೆಯೊಳಗೆ ಮೊಬೈಲ್ ನಿಷಿದ್ಧ.

17ಸಿಯ ಈ ಪ್ರತಿ ನಿಮ್ಮ ಅಭ್ಯರ್ಥಿಯ ಎಣಿಕೆ ಏಜೆಂಟರ ಕೈ ಸೇರಬೇಕು, ಮತಗಟ್ಟೆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಕೊಡಿ. ಮೇಜಿಗೆ ಬಂದ ಯಂತ್ರದ ಸಂಖ್ಯೆ, ಮುದ್ರೆ, ಒಟ್ಟು ಮತ ಮೂರನ್ನೂ ರಿಸಲ್ಟ್ ಒತ್ತುವ ಮೊದಲೇ ತಾಳೆ ನೋಡಲಿ. ಹೊಂದದಿದ್ದರೆ ಆ ಸುತ್ತು ಮುಗಿಯುವ ಮೊದಲೇ ಚುನಾವಣಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಫಲಿತಾಂಶದ ನಂತರ ಉಳಿಯುವ ದಾರಿ ಕಿರಿದು: 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಎರಡನೇ ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು ಮಾತ್ರ, 7 ದಿನದೊಳಗೆ, ತಮ್ಮ ಖರ್ಚಿನಲ್ಲಿ, ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಪರಿಶೀಲನೆ ಕೇಳಬಹುದು. ಯಾವ ಮತಗಟ್ಟೆಯ ಯಂತ್ರ ಬೇಕು ಎಂದು ಅರ್ಜಿಯಲ್ಲಿ ಅವರೇ ಹೇಳಬೇಕು. ವ್ಯತ್ಯಾಸ ಬರೆಸಿಕೊಂಡ 17ಸಿ ಕಡತದಲ್ಲಿದ್ದರೆ ಆ ಆಯ್ಕೆ ಕತ್ತಲಲ್ಲಿ ತಡಕಾಡಿದಂತಾಗದು.